ಸೂರು ಮತ್ತು ಹೊತ್ತಗೆ: ಗಡಿಪಟ್ಟಣದ ನಿವಾಸಿಯೊಬ್ಬಳ ಬಿನ್ನಪ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ‘ಮನವಿ ಪತ್ರ’ ಹೊಸದಲ್ಲ. ಇಂದ, ಇವರಿಗೆ, ವಿಷಯ, ಒಕ್ಕಣೆ, ಸಹಿ ಎಂಬ ಅಂಗಗಳನ್ನು ಕಂಠಪಾಠ ಮಾಡಿ, ಬೀದಿದೀಪಕ್ಕೋ ಬಸ್ ನಿಲ್ದಾಣಕ್ಕೋ ಒಂದು ಪುಟದ ಕೋರಿಕೆ ಬರೆದು ಮುಗಿಸುವುದು ರೂಢಿ. ಆದರೆ ಮನವಿಯೆಂಬುದು ಕೇವಲ ನಮೂನೆಯಲ್ಲ. ಅದು ವಾದದ ಬರಹ. ಬರೆದವರು ಎಲ್ಲಿ ನಿಂತಿದ್ದಾರೆ, ಯಾವ ಕಾನೂನನ್ನು ಆಶ್ರಯಿಸಿದ್ದಾರೆ, ಯಾವ ಚರಿತ್ರೆಯನ್ನು ಬೆನ್ನಿಗಿಟ್ಟುಕೊಂಡಿದ್ದಾರೆ ಎಂಬುದನ್ನು ಅರಿಯದೆ ಬರೆದ ಮನವಿ ಕಡತದಲ್ಲಿಯೇ ಉಳಿಯುತ್ತದೆ.

ಈ ಪಾಠಕ್ಕೆ ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಲಾಗಿದೆ. ತೆಲಂಗಾಣದ ಜಹೀರಾಬಾದಿನಲ್ಲಿ ಬಾಡಿಗೆಯ ಒಂದು ಕೋಣೆಯಲ್ಲಿ ವಾಸಿಸುವ ಕನ್ನಡ ಮನೆಮಾತಿನ ಮಹಿಳೆ ಆಕೆ. ತಂದೆ ಕನ್ನಡ ಓದಬಲ್ಲರು. ಆಕೆ ಕನ್ನಡ ಮಾತಾಡಬಲ್ಲಳು, ಕೂಡಿಸಿ ಓದಬಲ್ಲಳು. ತೆಲುಗು ಮಾಧ್ಯಮದಲ್ಲಿ ಕಲಿಯುತ್ತಿರುವ ಮಗಳಿಗೆ ಮಾತು ಮಾತ್ರ ಬರುತ್ತದೆ, ಲಿಪಿ ಬಾರದು. ಆಕೆ ತನ್ನ ಊರಿನ ಗ್ರಂಥಾಲಯವೂ ಬಡವರ ವಸತಿಯೂ ಹೇಗೆ ಬದಲಾಗಬೇಕೆಂದು ಆಲೋಚಿಸಿ ಒಂದು ಬಿನ್ನಪವನ್ನು ಸಿದ್ಧಪಡಿಸುತ್ತಾಳೆ. ನಿವಾಸಿ ಕಲ್ಪಿತಳು, ಆಕೆಯ ಊರು, ಆಕೆಯ ಮುಂದಿರುವ ಕಾಯ್ದೆ, ಆಕೆಯ ಹಿಂದಿರುವ ಚರಿತ್ರೆ ಕಲ್ಪಿತವಲ್ಲ.

೧. ಮೂರು ಪಟ್ಟಣಗಳು, ಒಂದು ಗೆರೆ

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರು 1956ರವರೆಗೆ ಹೈದರಾಬಾದ್ ರಾಜ್ಯದ ಕನ್ನಡ ಸೀಮೆಯ ಆಡಳಿತದೊಳಗೇ ಇದ್ದವು. ಮೊದಲೆರಡು ಬೀದರ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲ್ಲೂಕು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯು ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತ, ನಾರಾಯಣಖೇಡ ತಾಲ್ಲೂಕು ಹಾಗೂ ತಾಂಡೂರು ತಾಲ್ಲೂಕುಗಳನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ಆ ವರ್ಷದ ನವೆಂಬರ್ 1ರಂದು ಬೀದರ ಪಟ್ಟಣ ಮೈಸೂರು ರಾಜ್ಯಕ್ಕೆ ಸಂದಿತು. ಬೀದರದ ಸಂತೆಗೆ ಹೋಗಿ ಬರುತ್ತಿದ್ದ ಹಳ್ಳಿಗಳು ಬೇರೆ ರಾಜ್ಯದವಾದವು.

ಗೆರೆ ಎಳೆದವರಿಗೆ ತಾಲ್ಲೂಕು ಮತ್ತು ವೃತ್ತಗಳೇ ಅಳತೆಗೋಲು. ಆದರೆ ಭಾಷೆ ವೃತ್ತದ ಗಡಿಯಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಪೇಟೆಯಲ್ಲಿ ದಖನಿ, ನಾರಾಯಣಖೇಡದ ಕಡೆಗೆ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಹೀಗೆ ಒಂದೇ ದಿನದಲ್ಲಿ ಹಲವು ಭಾಷೆಗಳನ್ನು ದಾಟಿ ಬದುಕುವುದು ಇಲ್ಲಿಯ ಸಹಜ ಸ್ಥಿತಿ. ಈ ಬಹುಭಾಷಿಕತೆ ಇಲ್ಲಿಯ ಸಂಪತ್ತು. ಆದರೆ ಮಾತಿನಲ್ಲಿ ಉಳಿದ ಭಾಷೆ ಓದಿನಲ್ಲಿ ಉಳಿಯದಿದ್ದರೆ ಎರಡು ಮೂರು ತಲೆಮಾರುಗಳಲ್ಲಿ ಅದು ಅಡುಗೆಮನೆಯ ನುಡಿಯಾಗಿ ಕುಗ್ಗುತ್ತದೆ. ನಿವಾಸಿಯ ಬಿನ್ನಪದ ಮೂಲಸಂಕಟ ಇದೇ.

ಪುನರ್ವಿಂಗಡಣೆಯ ಸಂದರ್ಭದಲ್ಲಿಯೇ ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ 350-ಎ ಮತ್ತು 350-ಬಿ ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಮೊದಲನೆಯದು ಹೇಳುತ್ತದೆ. ಎರಡನೆಯದು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ನೇಮಕಕ್ಕೆ ಸಂಬಂಧಿಸಿದುದು. ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು: 350-ಎ ಶಾಲೆಯ ಮಾತನ್ನು ಆಡುತ್ತದೆ, ಗ್ರಂಥಾಲಯದ ಮಾತನ್ನು ಆಡುವುದಿಲ್ಲ. ಆದ್ದರಿಂದ ಗಡಿಪಟ್ಟಣದ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕ ಇರುವುದು ಬಿಡುವುದು ಪುಸ್ತಕ ಆಯ್ಕೆ ಮಾಡುವವರ ಅರಿವಿಗೂ ಕೇಳುವ ಓದುಗರ ದನಿಗೂ ಬಿಟ್ಟ ವಿಷಯ. ಕೇಳದಿದ್ದರೆ ಇಲ್ಲ, ಬಿನ್ನಪದ ಅಗತ್ಯ ಹುಟ್ಟುವುದು ಇಲ್ಲಿಯೇ.

೨. ಕಾಗಿಣಾ ದಂಡೆಯ ಸರಸ್ವತೀ ಭಂಡಾರ

ಗ್ರಂಥಾಲಯವೆಂಬುದು ಇಂಗ್ಲಿಷರ ಕಾಲದಲ್ಲಿ ಬಂದ ಹೊಸ ಸಂಸ್ಥೆಯೆಂಬ ಭಾವನೆ ಸಾಮಾನ್ಯ. ಈ ಸೀಮೆಯ ಮಟ್ಟಿಗೆ ಅದು ಸರಿಯಲ್ಲ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಮುಂದೆ ಮಳಖೇಡದ ಮಗ್ಗುಲಲ್ಲಿ ಸಾಗಿ ಭೀಮೆಯನ್ನು ಸೇರುತ್ತದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನಿಂದ ‘ಕವಿರಾಜಮಾರ್ಗ’ ರಚಿತವಾದ ನೆಲೆ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಬಣ್ಣಿಸುವ ಗ್ರಂಥ ಹುಟ್ಟಿದ ನದೀತೀರದ ಮೇಲ್ಭಾಗದಲ್ಲಿಯೇ ತಾಂಡೂರು ಇದೆ.

ಅದೇ ಸೀಮೆಯ ಚಿತ್ತಾಪುರದ ಸನಿಹದಲ್ಲಿ ನಾಗಾವಿ ಇದೆ. ಅಲ್ಲಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ 1058ರ ಶಾಸನ, ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಕಾಲದ್ದು. ವೇದ, ಶಾಸ್ತ್ರಗಳನ್ನು ಬೋಧಿಸುವ ಉಪಾಧ್ಯಾಯರೊಂದಿಗೆ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ವೃತ್ತಿಯನ್ನು ಬಿಟ್ಟುದು ಆ ಶಾಸನದಿಂದ ತಿಳಿದುಬರುತ್ತದೆ. ಸರಸ್ವತೀ ಭಂಡಾರವೆಂದರೆ ಪುಸ್ತಕಗಳ ಉಗ್ರಾಣ; ಭಂಡಾರಿಗನೆಂದರೆ ಅದರ ಪಾಲಕ. ವಿದ್ಯಾರ್ಥಿಗಳ ಅನ್ನವಸ್ತ್ರಕ್ಕೂ ದತ್ತಿಯಲ್ಲಿ ಅವಕಾಶವಿತ್ತು.

ಆ ಘಟಿಕಾಸ್ಥಾನ ಎಲ್ಲರಿಗೂ ತೆರೆದ ಬಾಗಿಲಾಗಿರಲಿಲ್ಲ. ಅಂದಿನ ವಿದ್ಯೆ ಕೆಲವರ ಸ್ವತ್ತು. ಇದನ್ನು ಮರೆತು ಹಿಂದಿನದನ್ನು ಹೊಗಳುವುದು ಚರಿತ್ರೆಯ ಓದಲ್ಲ. ಆದರೆ ಒಂದು ತತ್ತ್ವ ಅಲ್ಲಿ ಸ್ಪಷ್ಟ: ಓದುವವನಿಗೆ ಹೊತ್ತಗೆಯನ್ನು ಮಾತ್ರ ಕೊಟ್ಟರೆ ಸಾಲದು, ಊಟ ಬಟ್ಟೆಯೂ ಬೇಕು, ಹೊತ್ತಗೆಯನ್ನು ಇಟ್ಟರೆ ಸಾಲದು, ಅದನ್ನು ಕಾಯುವವನಿಗೂ ಜೀವನೋಪಾಯ ಬೇಕು. ಇಂದಿನ ನಿವಾಸಿ ಗ್ರಂಥಾಲಯ ಮತ್ತು ವಸತಿಯನ್ನು ಒಂದೇ ಬಿನ್ನಪದಲ್ಲಿ ಕೇಳುವುದಕ್ಕೆ ಈ ತತ್ತ್ವವೇ ಆಧಾರ.

೩. ಮನೆಗಂದಾಯದಿಂದ ಪುಸ್ತಕ

ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರ ಮದ್ರಾಸ್ ಕಾಯ್ದೆ. ಅದರ ಹಿಂದಿನ ಪ್ರೇರಣೆ ಎಸ್. ಆರ್. ರಂಗನಾಥನ್. 1955ರಲ್ಲಿ ಹೈದರಾಬಾದ್ ರಾಜ್ಯವೂ ಸ್ವಂತ ಕಾಯ್ದೆ ಮಾಡಿತು. ಬೀದರ, ಗುಲಬರ್ಗಾ, ಜಹೀರಾಬಾದ್, ತಾಂಡೂರುಗಳೆಲ್ಲ ಆಗ ಒಂದೇ ರಾಜ್ಯದ ಒಂದೇ ಕಾಯ್ದೆಯ ವ್ಯಾಪ್ತಿಯಲ್ಲಿದ್ದವು. ಮರುವರ್ಷವೇ ಆ ರಾಜ್ಯ ಮೂರು ಪಾಲಾಯಿತು. ಗೆರೆಯ ಆಚೆಗೆ 1960ರ ಆಂಧ್ರಪ್ರದೇಶ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿತು; ಇಂದಿನ ತೆಲಂಗಾಣ ಅದನ್ನೇ ಅಳವಡಿಸಿಕೊಂಡಿದೆ. ಈಚೆಗೆ 1965ರ ಮೈಸೂರು ಕಾಯ್ದೆ ಬಂದಿತು. ಮಹಾರಾಷ್ಟ್ರದ 1967ರ ಕಾಯ್ದೆಯ ದಾರಿ ಬೇರೆ: ಅಲ್ಲಿ ಗ್ರಂಥಾಲಯ ಕರವಿಲ್ಲ, ಊರವರು ಕಟ್ಟಿ ನಡೆಸುವ ವಾಚನಾಲಯಗಳಿಗೆ ಮಾನ್ಯತೆ ನೀಡಿ, ಅ, ಬ, ಕ, ಡ ಎಂಬ ದರ್ಜೆಗಳ ಪ್ರಕಾರ ಸರ್ಕಾರ ಅನುದಾನ ಕೊಡುತ್ತದೆ.

ತೆಲಂಗಾಣದಲ್ಲಿ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಗ್ರಂಥಾಲಯ ಸಂಸ್ಥೆ ಇದೆ. ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 8 ಪೈಸೆ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿ ಜಿಲ್ಲಾ ಸಂಸ್ಥೆಗೆ ಸಲ್ಲಿಸಬೇಕು. ಕರ್ನಾಟಕದಲ್ಲಿ ಈ ಕರ ಶೇಕಡಾ 6. ಅಂದರೆ 2,000 ರೂಪಾಯಿ ಮನೆಗಂದಾಯ ಕಟ್ಟುವ ಮನೆಯಿಂದ ಜಹೀರಾಬಾದಿನಲ್ಲಿ 160 ರೂಪಾಯಿ, ಬೀದರದಲ್ಲಿ 120 ರೂಪಾಯಿ ಗ್ರಂಥಾಲಯದ ಪಾಲು. ವಸೂಲಾದ ಕರ ಸ್ಥಳೀಯ ಸಂಸ್ಥೆಯಲ್ಲಿಯೇ ಬಾಕಿ ಉಳಿಯುವ ದೂರು ಎರಡೂ ರಾಜ್ಯಗಳಲ್ಲಿ ಹಳೆಯದು.

ಈ ವ್ಯವಸ್ಥೆಯಲ್ಲಿ ಮನೆ ಮತ್ತು ಗ್ರಂಥಾಲಯಗಳ ನಂಟು ಕಾವ್ಯಾಲಂಕಾರವಲ್ಲ, ಲೆಕ್ಕದ ಸಂಗತಿ. ಊರಿನಲ್ಲಿ ದಾಖಲೆಗೆ ಸೇರಿದ ಮನೆಗಳು ಹೆಚ್ಚಿದಷ್ಟೂ ಗ್ರಂಥಾಲಯದ ಆದಾಯ ಹೆಚ್ಚುತ್ತದೆ. ತೆರಿಗೆಯ ಪುಸ್ತಕಕ್ಕೆ ಬಾರದ ಗುಡಿಸಲು, ಶೆಡ್ಡುಗಳಲ್ಲಿ ಜನ ಬದುಕಿದಷ್ಟೂ ಓದುಗರು ಹೆಚ್ಚಿ ಆದಾಯ ನಿಂತಲ್ಲೇ ನಿಲ್ಲುತ್ತದೆ. ಬಾಡಿಗೆದಾರಳ ಹೆಸರು ತೆರಿಗೆ ರಸೀತಿಯಲ್ಲಿ ಇರುವುದಿಲ್ಲ. ಆದರೆ ಒಡೆಯ ತಾನು ಕಟ್ಟುವ ತೆರಿಗೆಯನ್ನು ಬಾಡಿಗೆಯಲ್ಲಿ ಸೇರಿಸಿಯೇ ಕೇಳುತ್ತಾನೆ. ಗ್ರಂಥಾಲಯ ಕರದ ಭಾರ ಹೊರುವವಳು ಆಕೆಯೂ ಹೌದು. ಬಿನ್ನಪದ ಬಲವಾದ ವಾಕ್ಯ ಇದು: ‘ಕೇಳುತ್ತಿರುವುದು ದಾನವಲ್ಲ, ಕೊಟ್ಟ ಹಣದ ಸೇವೆ.’

೪. ನಿವಾಸಿಯ ಐದು ಸಲಹೆಗಳು

ಮೊದಲನೆಯದು, ಕನ್ನಡದ ಕಪಾಟು. ಮೂರು ಪಟ್ಟಣಗಳಿಗೂ ದೊಡ್ಡ ಸಂಗ್ರಹವನ್ನು ಕೇಳುವ ಬದಲು ಸುತ್ತುವ ಸಂಗ್ರಹವನ್ನು ಆಕೆ ಸೂಚಿಸುತ್ತಾಳೆ. 300 ಪುಸ್ತಕಗಳನ್ನು ನೂರರಂತೆ ಮೂರು ಕಟ್ಟು ಮಾಡಿ, ನಾಲ್ಕು ತಿಂಗಳಿಗೊಮ್ಮೆ ಊರಿಂದ ಊರಿಗೆ ಕಳಿಸಿದರೆ, ವರ್ಷ ತುಂಬುವುದರೊಳಗೆ ಪ್ರತಿಯೊಂದು ಊರೂ ಮುನ್ನೂರನ್ನೂ ಕಂಡಿರುತ್ತದೆ. ನೂರರಲ್ಲಿ ಅರ್ಧದಷ್ಟು ಮಕ್ಕಳ ಪುಸ್ತಕಗಳೂ ಕಾಗುಣಿತ ಕಲಿಸುವ ಪುಸ್ತಕಗಳೂ ಇರಬೇಕು. ಲಿಪಿ ಬಾರದ ಮಗಳಿಗೆ ಕಾದಂಬರಿ ಎಷ್ಟಿದ್ದರೂ ವ್ಯರ್ಥ. ಪುಸ್ತಕಗಳಿಗೆ 1972ರಲ್ಲಿ ಸ್ಥಾಪಿತವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು, ಕನ್ನಡ ಪುಸ್ತಕ ಪ್ರಾಧಿಕಾರ ಮತ್ತು ಕರ್ನಾಟಕದ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರಗಳ ಸಹಕಾರವನ್ನು ಕೋರಬಹುದು. ಒಂದು ತೊಡಕಿದೆ: 2016ರ ಜಿಲ್ಲಾ ಮರುವಿಂಗಡಣೆಯ ತರುವಾಯ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಆದ್ದರಿಂದ ಬಿನ್ನಪ ಎರಡು ಜಿಲ್ಲಾ ಸಂಸ್ಥೆಗಳಿಗೆ ಹೋಗಬೇಕು. ‘ಇವರಿಗೆ’ ಎಂಬ ಅಂಗವನ್ನು ತಪ್ಪಿಲ್ಲದೆ ಬರೆಯುವುದು ಎಷ್ಟು ಮುಖ್ಯವೆಂಬುದಕ್ಕೆ ಇದು ಉದಾಹರಣೆ.

ಎರಡನೆಯದು, ಬಾಡಿಗೆದಾರರಿಗೆ ಸದಸ್ಯತ್ವ. ಪುಸ್ತಕ ಎರವಲು ಪಡೆಯಲು ಠೇವಣಿ, ವಿಳಾಸದ ದಾಖಲೆ ಅಥವಾ ಜಾಮೀನುದಾರರ ಸಹಿ ಕೇಳುವುದು ಸಾರ್ವಜನಿಕ ಗ್ರಂಥಾಲಯಗಳ ಸಾಮಾನ್ಯ ಪದ್ಧತಿ. ವರ್ಷಕ್ಕೊಮ್ಮೆ ಕೋಣೆ ಬದಲಿಸುವ ಕೂಲಿಕಾರ ಕುಟುಂಬಕ್ಕೆ ಇದೇ ಮೊದಲ ಅಗಳಿ. ಮಗುವಿನ ಶಾಲೆಯ ದೃಢೀಕರಣವನ್ನೋ ಕೆಲಸದ ಸ್ಥಳದ ಪತ್ರವನ್ನೋ ಒಪ್ಪಬೇಕೆಂಬುದು ಆಕೆಯ ಕೋರಿಕೆ.

ಮೂರನೆಯದು, ವೇಳೆ. ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ತಾಂಡೂರು ಕಲ್ಲುಗಣಿ, ನಾಪಾಸುಗಲ್ಲು ಮತ್ತು ಸಿಮೆಂಟಿನ ಊರು. ಪಾಳಿಯಲ್ಲಿ ದುಡಿಯುವವರಿಗೆ ಹಗಲಿನ ಕಚೇರಿ ವೇಳೆಯ ಗ್ರಂಥಾಲಯ ಮುಚ್ಚಿದ ಗ್ರಂಥಾಲಯವೇ. ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಯುವಜನರು ತೆಲಂಗಾಣದ ವಾಚನಾಲಯಗಳನ್ನು ತುಂಬುತ್ತಿರುವುದು ಎಲ್ಲರೂ ಕಂಡ ಸಂಗತಿ. ಅವರು ಅಲ್ಲಿಗೆ ಬರುವುದು ಪುಸ್ತಕಕ್ಕಾಗಿ ಮಾತ್ರವಲ್ಲ, ಮನೆಯಲ್ಲಿಲ್ಲದ ಮೇಜು, ಬೆಳಕು, ನಿಶ್ಶಬ್ದಕ್ಕಾಗಿ. ಸೂರಿನ ಕೊರತೆಯೇ ಅವರನ್ನು ವಾಚನಾಲಯಕ್ಕೆ ದೂಡುತ್ತದೆ.

ನಾಲ್ಕನೆಯದು, ಹೊಸ ಬಡಾವಣೆಯಲ್ಲಿ ಓದುವ ಕೋಣೆ. 2015ರಲ್ಲಿ ತೆಲಂಗಾಣ ಸರ್ಕಾರ ರೂಪಿಸಿದ ಎರಡು ಮಲಗುವ ಕೋಣೆಗಳ ಮನೆಯ ವಿಸ್ತೀರ್ಣ 560 ಚದರ ಅಡಿ. 2024ರಲ್ಲಿ ಆರಂಭವಾದ ಇಂದಿರಮ್ಮ ವಸತಿ ಯೋಜನೆ ಸ್ವಂತ ನಿವೇಶನವಿರುವ ಬಡವರಿಗೆ ಮನೆ ಕಟ್ಟಲು 5 ಲಕ್ಷ ರೂಪಾಯಿ ಕೊಡುತ್ತದೆ. ನಿವೇಶನವಿಲ್ಲದ ಬಾಡಿಗೆದಾರಳಿಗೆ ಎರಡನೆಯದರ ಬಾಗಿಲು ಸುಲಭವಾಗಿ ತೆರೆಯದು. ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ 12 ಸಾವಿರ ಎಕರೆಗೂ ಮಿಗಿಲಾದ ಭೂಮಿಯನ್ನು ಗೊತ್ತುಮಾಡಲಾಗಿದೆ. ಕಾರ್ಖಾನೆ ಬಂದರೆ ಕೂಲಿಕಾರರು ಬರುತ್ತಾರೆ, ಕೂಲಿಕಾರರು ಬಂದರೆ ಬಾಡಿಗೆ ಏರುತ್ತದೆ. ಅದಕ್ಕೆ ಮೊದಲೇ ಕಡಿಮೆ ಬಾಡಿಗೆಯ ಸಾರ್ವಜನಿಕ ಮನೆಗಳನ್ನು ಕಟ್ಟಬೇಕು, ಪ್ರತಿ ಬಡಾವಣೆಯ ನೆಲಮಹಡಿಯಲ್ಲಿ ಒಂದು ಕೋಣೆಯನ್ನು ಶಾಖಾ ಗ್ರಂಥಾಲಯಕ್ಕೆ ಮೀಸಲಿಡಬೇಕೆಂಬುದು ಸಲಹೆ.

ಐದನೆಯದು, ಲೆಕ್ಕದ ಫಲಕ. ಊರಿನಿಂದ ವಸೂಲಾದ ಗ್ರಂಥಾಲಯ ಕರ ಎಷ್ಟು, ಜಿಲ್ಲಾ ಸಂಸ್ಥೆಗೆ ಸಂದಾಯವಾದದ್ದು ಎಷ್ಟು, ಯಾವ ಭಾಷೆಯ ಎಷ್ಟು ಪುಸ್ತಕ ಬಂದವು ಎಂಬುದನ್ನು ವರ್ಷಕ್ಕೊಮ್ಮೆ ಗ್ರಂಥಾಲಯದ ಬಾಗಿಲಲ್ಲಿ ಬರೆದು ಹಾಕಬೇಕು. ಖರ್ಚು ತೀರ ಕಡಿಮೆಯಾದ ಸಲಹೆ ಇದು. ಜಾರಿಗೆ ತರಲು ತೀರ ಕಠಿಣವಾದದ್ದೂ ಇದೇ ಇರಬಹುದು.

೫. ಹೊರಗಿನ ಎರಡು ನಿದರ್ಶನಗಳು

ನಾಲ್ಕನೆಯ ಸಲಹೆ ಕನಸಿನ ಮಾತೆಂದು ತಳ್ಳಿಹಾಕುವಂತಿಲ್ಲ. ಮೊದಲ ಮಹಾಯುದ್ಧದ ನಂತರ ವಿಯೆನ್ನಾ ನಗರಸಭೆ 1923ರಲ್ಲಿ ವಸತಿ ತೆರಿಗೆಯೊಂದನ್ನು ವಿಧಿಸಿ, ಅದರ ಹಣದಿಂದ ಕಾರ್ಮಿಕರಿಗೆ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿತು. ಅವುಗಳಲ್ಲಿ ಹೆಸರಾದದ್ದು 1927ರಿಂದ 1930ರವರೆಗೆ ನಿರ್ಮಾಣಗೊಂಡ ಕಾರ್ಲ್ ಮಾರ್ಕ್ಸ್ ಹೋಫ್. 1,300ಕ್ಕೂ ಹೆಚ್ಚು ಮನೆಗಳ ಆ ಸಮುಚ್ಚಯದಲ್ಲಿ ಬಟ್ಟೆ ಒಗೆಯುವ ಸಾರ್ವಜನಿಕ ಕೋಣೆ, ಸ್ನಾನಗೃಹ, ಶಿಶುವಿಹಾರಗಳ ಜೊತೆಗೆ ಗ್ರಂಥಾಲಯವೂ ಇತ್ತು. ಅಮೆರಿಕದ ಷಿಕಾಗೋ ನಗರದಲ್ಲಿ 2019ರಲ್ಲಿ, ಕೆಳಗೆ ಸಾರ್ವಜನಿಕ ಗ್ರಂಥಾಲಯ, ಅದರೊಂದಿಗೆ ಕೈಗೆಟಕುವ ಬಾಡಿಗೆಯ ಮನೆಗಳು ಎಂಬ ವಿನ್ಯಾಸದ ಮೂರು ಕಟ್ಟಡಗಳು ತೆರೆದವು.

ಈ ಉದಾಹರಣೆಗಳನ್ನು ಬಳಸುವಾಗ ವಿದ್ಯಾರ್ಥಿ ಎಚ್ಚರ ವಹಿಸಬೇಕು. ವಿಯೆನ್ನಾ, ಷಿಕಾಗೋಗಳು ಮಹಾನಗರಗಳು. ಅವುಗಳ ತೆರಿಗೆಯ ಬಲ ನಾರಾಯಣಖೇಡಕ್ಕೆ ಇಲ್ಲ. ಅನುಕರಿಸಬೇಕಾದದ್ದು ಗಾತ್ರವನ್ನಲ್ಲ, ಕ್ರಮವನ್ನು: ಮನೆಯ ನಕ್ಷೆ ಬರೆಯುವಾಗಲೇ ಓದುವ ಕೋಣೆಗೂ ಜಾಗ ಬಿಡುವುದು.

೬. ಆಕ್ಷೇಪಗಳು

ಒಳ್ಳೆಯ ಬಿನ್ನಪ ತನ್ನ ಎದುರು ಬರಬಹುದಾದ ಮಾತನ್ನು ಮೊದಲೇ ಕೇಳಿಸಿಕೊಂಡಿರುತ್ತದೆ. ತಲೆಯ ಮೇಲೆ ಸೂರಿಲ್ಲದವನಿಗೆ ಪುಸ್ತಕವೇಕೆ ಎಂಬುದು ಮೊದಲ ಆಕ್ಷೇಪ. ಸೂರು ಮುಂದು, ಹೊತ್ತಗೆ ಹಿಂದು ಎಂಬ ಸರದಿಯನ್ನು ಒಪ್ಪಿದರೆ ಹೊತ್ತಗೆಯ ಸರದಿ ಎಂದಿಗೂ ಬಾರದು. ವಸತಿ ಯೋಜನೆಯ ಅರ್ಜಿಯನ್ನು ಓದಿ ಅರ್ಥೈಸಿಕೊಳ್ಳಲಾರದವನು ಸೂರನ್ನೂ ಕಳೆದುಕೊಳ್ಳುತ್ತಾನೆ ಎಂಬುದು ಇದಕ್ಕೆ ಉತ್ತರ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಕೋಣೆ ಕಟ್ಟಿದ ಮಾತ್ರಕ್ಕೆ ಗ್ರಂಥಾಲಯವಾಗದು, ಗ್ರಂಥಪಾಲಕನಿಲ್ಲದಿದ್ದರೆ ಅದು ಬೀಗ ಹಾಕಿದ ಕೋಣೆಯಾಗುತ್ತದೆ. ಇದು ನಿಜ. ನಾಗಾವಿಯ ದಾನಿ ಆರು ಭಂಡಾರಿಗರಿಗೆ ವೃತ್ತಿ ಬಿಟ್ಟುದರ ಅರ್ಥ ಇಲ್ಲಿ ತಿಳಿಯುತ್ತದೆ. ನಿವಾಸಿಯ ನಾಲ್ಕನೆಯ ಸಲಹೆಯಲ್ಲಿ ಈ ಅಂಶ ಬಿಟ್ಟುಹೋಗಿದೆ. ಅದು ಬಿನ್ನಪದ ದೋಷ. ಕೋಣೆಯೊಂದಿಗೆ ಪಾಲಕನ ಸಂಬಳವನ್ನೂ ಕೇಳಬೇಕಿತ್ತು.

ಮೂರನೆಯದು, ಕನ್ನಡಕ್ಕೆ ಕಪಾಟು ಕೊಟ್ಟರೆ ಉಳಿದ ಭಾಷೆಗಳ ಗತಿಯೇನು ಎಂಬುದು. ಮರಾಠಿಗೂ ಕಪಾಟು ಬೇಕೆಂಬುದೇ ನ್ಯಾಯವಾದ ಉತ್ತರ. ಸ್ವಂತ ಲಿಪಿಯಿಲ್ಲದ ಲಂಬಾಣಿಗೆ ಧ್ವನಿಯ ಸಂಗ್ರಹ ಬೇಕಾದೀತು. ಜಹೀರಾಬಾದಿನ ಹತ್ತಿರದ ಮಾಚನೂರಿನಲ್ಲಿ 2008ರಲ್ಲಿ ಆರಂಭವಾದ, ದಲಿತ ಮಹಿಳೆಯರು ನಡೆಸುವ ಸಂಘಂ ರೇಡಿಯೊ, ಅಕ್ಷರದ ಹೊರಗಿರುವ ಅರಿವನ್ನೂ ಕೂಡಿಡಬಹುದೆಂಬುದನ್ನು ಆ ನೆಲದಲ್ಲಿಯೇ ತೋರಿಸಿದೆ. ಇತರ ಭಾಷೆಗಳನ್ನು ಬದಿಗೊತ್ತಿ ಕೇಳುವ ಕನ್ನಡಕ್ಕಿಂತ ಅವುಗಳ ಜೊತೆಗೆ ನಿಂತು ಕೇಳುವ ಕನ್ನಡದ ದನಿಗೆ ಗಡಿನಾಡಿನಲ್ಲಿ ಬೆಲೆ ಹೆಚ್ಚು.

೭. ಪದವಿವೇಚನೆ

ಬಿನ್ನಪ: ಸಂಸ್ಕೃತದ ‘ವಿಜ್ಞಾಪನ’ದ ತದ್ಭವ, ‘ಬಿನ್ನಹ’ ಎಂಬ ರೂಪವೂ ಉಂಟು. ಶಾಸನಗಳಲ್ಲಿ ದಾನಕ್ಕೆ ಮುನ್ನ ಅಧಿಕಾರಿ ಅರಸನಿಗೆ ಬಿನ್ನಪ ಮಾಡಿದ ಉಲ್ಲೇಖ ಸಾಮಾನ್ಯ. ‘ಅರ್ಜಿ’ ಅರಬ್ಬಿ ಮೂಲದ್ದು, ಮರಾಠಿಯಲ್ಲಿ ‘ಅರ್ಜ’, ‘ವಿನಂತಿ’, ತೆಲುಗಿನಲ್ಲಿ ‘ವಿನತಿಪತ್ರಂ’.

ಗ್ರಂಥಾಲಯ: ತೆಲುಗಿನಲ್ಲಿಯೂ ಇದೇ ಪದ. ಮರಾಠಿಯಲ್ಲಿ ‘ವಾಚನಾಲಯ’, ಉರ್ದುವಿನಲ್ಲಿ ‘ಕುತುಬ್‌ಖಾನಾ’. ಮೊದಲನೆಯದು ಗ್ರಂಥ ಇರುವ ಮನೆ, ಎರಡನೆಯದು ಓದು ನಡೆಯುವ ಮನೆ. ಕನ್ನಡ ಎರಡನ್ನೂ ಉಳಿಸಿಕೊಂಡು ಅರ್ಥಭೇದ ಮಾಡಿದೆ.

ಮನೆ: ತಮಿಳಿನ ‘ಮನೈ’ಯ ಜ್ಞಾತಿಪದ. ತೆಲುಗಿನಲ್ಲಿ ‘ಇಲ್ಲು’, ಬಹುವಚನ ‘ಇಂಡ್ಲು’. ‘ಸೂರು’ ಎಂದರೆ ಮೂಲತಃ ಮಾಡಿನ ಇಳಿಜಾರಿನ ಅಂಚು. ಅಂಗದಿಂದ ಅಂಗಿಯನ್ನು ಸೂಚಿಸುವ ಲಕ್ಷಣೆಯಿಂದ ಅದು ಇಡೀ ಮನೆಯ ಹೆಸರಾಯಿತು.

ಬಾಡಿಗೆ: ಸಂಸ್ಕೃತ ‘ಭಾಟಕ’ದಿಂದ, ಮರಾಠಿಯ ‘ಭಾಡೆ’ಯೂ ಅದರಿಂದಲೇ. ಕಲ್ಯಾಣ ಕರ್ನಾಟಕದ ಆಡುನುಡಿಯಲ್ಲಿ ಉರ್ದುವಿನ ‘ಕಿರಾಯ’ವೂ ಬಳಕೆಯಲ್ಲಿದೆ.

೮. ಅಭ್ಯಾಸ

೧. 1956ರ ಪುನರ್ವಿಂಗಡಣೆಯಿಂದ ಬೀದರ ಮತ್ತು ಗುಲಬರ್ಗಾ ಜಿಲ್ಲೆಗಳ ಯಾವ ಭಾಗಗಳು ಆಂಧ್ರಪ್ರದೇಶಕ್ಕೆ ಸೇರಿದವು? ಅದರ ಭಾಷಿಕ ಪರಿಣಾಮವನ್ನು ವಿವರಿಸಿ.

೨. ‘ಬಾಡಿಗೆದಾರಳೂ ಗ್ರಂಥಾಲಯ ಕರ ಕಟ್ಟುತ್ತಾಳೆ.’ ಈ ವಾದದ ಹಂತಗಳನ್ನು ಬಿಡಿಸಿ ಬರೆದು, ಒಪ್ಪುವಿರೋ ಇಲ್ಲವೋ ತಿಳಿಸಿ.

೩. ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರಗಳ ಗ್ರಂಥಾಲಯ ಕಾಯ್ದೆಗಳಲ್ಲಿ ಹಣದ ಮೂಲ ಹೇಗೆ ಭಿನ್ನವಾಗಿದೆ? ಗಡಿಯ ಚಿಕ್ಕ ಭಾಷಾಸಮುದಾಯಕ್ಕೆ ಯಾವ ದಾರಿ ಹೆಚ್ಚು ಅನುಕೂಲ?

೪. ನಾಲ್ಕನೆಯ ಸಲಹೆಯಲ್ಲಿರುವ ದೋಷವನ್ನು ತಿದ್ದಿ, ಒಂದು ಪುಟದ ಮನವಿ ಪತ್ರವಾಗಿ ಮರುರಚಿಸಿ.

೫. ಸ್ವಂತ ಊರಿನ ಗ್ರಂಥಾಲಯಕ್ಕೆ ಭೇಟಿ ನೀಡಿ, ಅಲ್ಲಿರುವ ಪುಸ್ತಕಗಳು ಯಾವ ಯಾವ ಭಾಷೆಗಳಲ್ಲಿ ಎಷ್ಟೆಷ್ಟು ಇವೆ, ಯಾವ ವೇಳೆಯಲ್ಲಿ ಯಾರು ಓದಲು ಬರುತ್ತಾರೆ ಎಂಬುದನ್ನು ಒಂದು ವಾರ ಗಮನಿಸಿ ಟಿಪ್ಪಣಿ ಸಿದ್ಧಪಡಿಸಿ. ಊರಿನ ಮನೆಮಾತುಗಳಲ್ಲಿ ಕಪಾಟಿಲ್ಲದ ಭಾಷೆ ಯಾವುದೆಂಬುದನ್ನು ಟಿಪ್ಪಣಿಯ ಕೊನೆಗೆ ಬರೆಯತಕ್ಕದ್ದು.